ಫಿಲ್ಮು ಒಣಗುವವರೆಗೆ

ಅವರ ಬಲಗೈಯ ಉಗುರುಗಳು ಹಳೇ ಹಿತ್ತಾಳೆಯ ಬಣ್ಣಕ್ಕೆ ತಿರುಗಿದ್ದವು. ಫಿಲ್ಮು ತೊಳೆಯುವ ಔಷಧಿಯಲ್ಲಿ ಇಪ್ಪತ್ತು ವರ್ಷ ಅದ್ದಿ ತೆಗೆದ ಕೈ ಅದು. ಬೆರಳ ತುದಿಯ ಚರ್ಮ ಒಣಗಿ ಸೀಳು ಬಿಟ್ಟಿತ್ತು. ಕತ್ತಲೆ ಕೋಣೆಯ ಬಾಗಿಲು ತೆರೆದು ಹೊರಬಂದರೆ ಬೆಳಕು ತಡೆಯಲಾರದೆ ಆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಒಂದು ಗಳಿಗೆ ನಿಂತುಬಿಡುತ್ತಿದ್ದರು. ಅವರ ಹಿಂದೆಯೇ ಹುಳಿ ಹುಳಿ ವಾಸನೆಯೊಂದು ಹೊರಬರುತ್ತಿತ್ತು. ಅದು ಮೂಗಿಗೆ ಬಡಿದರೆ ಸಾಕು, ನಾನು ಬೆಂಚಿನಿಂದ ಎದ್ದು ನಿಲ್ಲುತ್ತಿದ್ದೆ.

ದುರ್ಗದ ಪೇಟೆಯೊಳಗೆ ಒಬ್ಬ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗದಲ್ಲಿ ಅವರ ಎಕ್ಸ್‌ರೇ ಕೋಣೆ. ಎಲ್ಲರೂ ಅವರನ್ನು ಎಕ್ಸ್‌ರೇ ಸಾಬ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಎಪ್ಪತ್ತರ ದಶಕದ ನಡುವಿನ ಮೂರು ವರ್ಷ ನಾನು ಅವರ ಬೆಂಚಿನ ಮೇಲೆ ಕೂತು ಹೆದರಿದಷ್ಟು ಬೇರೆಲ್ಲೂ ಹೆದರಿಲ್ಲ.

ನಾನಾಗ ಹೊಸದುರ್ಗದ ಪ್ರೈಮರಿ ಶಾಲೆಯಲ್ಲಿ ಟೀಚರು. ತಾಯಿ ತೀರಿಹೋಗಿದ್ದಳು. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪ ಕಂಬಳಿ ನೇಯುತ್ತಿದ್ದ. ಸೊಂಟ ನೋಯುತ್ತದೆ ಎಂದಾಗ ಮಗ್ಗದ ಗುಂಡಿಯಲ್ಲಿ ಕೂತೂ ಕೂತೂ ಹಿಡಿದುಕೊಂಡಿದೆ ಎಂದು ಎಣ್ಣೆ ತಿಕ್ಕಿಸಿದೆವು. ಆದರೆ ಅಪ್ಪ ಮತ್ತೆ ಮತ್ತೆ ಮಗ್ಗದಿಂದೆದ್ದು ಹಿತ್ತಲಿಗೆ ಹೋಗುವುದನ್ನೂ, ಅಲ್ಲಿ ಗೋಡೆ ಹಿಡಿದು ತುಂಬಾ ಹೊತ್ತು ನಿಲ್ಲುವುದನ್ನೂ ನಾನು ಕಂಡಿದ್ದೆ. ಮಗಳು ಅಪ್ಪನನ್ನು ಕೇಳುವ ಮಾತಲ್ಲ ಅದು. ಅಪ್ಪನೂ ಹೇಳಲಿಲ್ಲ. ನಮ್ಮಿಬ್ಬರ ಆ ನಾಚಿಕೆಗೆ ಒಂದು ವರ್ಷ ಹೋಯಿತು.

ಕೊನೆಗೆ ನಮ್ಮೂರ ಡಾಕ್ಟರು ಅಪ್ಪನನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ಅಪ್ಪ ಮುಖ ತಗ್ಗಿಸಿಕೊಂಡು ಹೊರಬಂದ. ಮೂತ್ರಚೀಲದ ಕೆಳಗಿನ ಗ್ರಂಥಿ ಕಲ್ಲಿನಂತೆ ಗಟ್ಟಿಯಾಗಿದೆ, ದುರ್ಗಕ್ಕೆ ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಈಗಿನ ಹಾಗೆ ಎಂಆರ್‌ಐ ಮಾಡಿ ಆ ಗ್ರಂಥಿಯೊಳಗೇ ಇಣುಕಿ, ಗಂಟು ಸಣ್ಣದಿರುವಾಗಲೇ ಹಿಡಿಯುವ ಕಾಲ ಅದಲ್ಲ. ಆಗ ಡಾಕ್ಟರ ಬೆರಳಿಗೆ ತಗುಲಬೇಕಿತ್ತು, ಇಲ್ಲವೇ ಎಲುಬಿಗೆ ಹಬ್ಬಿ ಫಿಲ್ಮಿನಲ್ಲಿ ಕಾಣಬೇಕಿತ್ತು.

ಮೊದಲ ದಿನವೇ ತಕರಾರಾಯಿತು. ಅಪ್ಪನ ಸೊಂಟದಲ್ಲಿ ಬೆಳ್ಳಿಯ ಉಡಿದಾರ. ಅದು ಫಿಲ್ಮಿಗೆ ಅಡ್ಡ ಬರುತ್ತದೆ, ಬಿಚ್ಚಬೇಕು ಎಂದರು ಸಾಬ್ರು. ಅಪ್ಪನ ದನಿ ಪರದೆಯ ಈಚೆಗೂ ಕೇಳಿಸಿತು.

"ಉಡಿದಾರ ಬಿಚ್ಚೋದು ಹೆಣಕ್ಕೆ ಸಾಬ್ರೇ. ನಾನಿನ್ನೂ ಬದುಕಿದೀನಿ."

ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು. ಸಾಬ್ರು ಹೊರಬಂದು ಬ್ಯಾಂಡೇಜು ಬಟ್ಟೆಯ ಅಂಚನ್ನು ಹರಿದು, ತೊಡೆಯ ಮೇಲಿಟ್ಟು ಹೊಸೆದು ದಾರ ಮಾಡಿದರು. ಒಳಗೆ ಹೋಗಿ ಹೇಳಿದರು: "ಯಜಮಾನ್ರೇ, ಮೊದ್ಲು ಇದನ್ನ ಕಟ್ಕಳ್ರಿ. ಆಮೇಲೆ ಅದನ್ನ ಬಿಚ್ರಿ. ಬರೀ ಸೊಂಟದಾಗೆ ಒಂದು ಗಳಿಗೇನೂ ಇರಬ್ಯಾಡ್ರಿ."

ಅಪ್ಪ ಹಾಗೇ ಮಾಡಿ ಮಲಗಿದ. "ಉಸಿರು ಹಿಡೀರಿ... ಅಲ್ಲಾಡಬ್ಯಾಡ್ರಿ... ಬಿಡ್ರಿ." ಆಮೇಲೆ ಕತ್ತಲೆ ಕೋಣೆಯ ಬಾಗಿಲು ಮುಚ್ಚಿತು.

ಫಿಲ್ಮು ತೊಳೆದು, ಕ್ಲಿಪ್ಪು ಹಾಕಿ, ತಂತಿಗೆ ತೂಗುಬಿಟ್ಟು ಒಣಗಿಸಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಮೋಡದ ದಿನವಾದರೆ ಇನ್ನೂ ಹೆಚ್ಚು. ಅಂದು ಸಾಬ್ರು ಹೊರಬಂದವರು ಹುಬ್ಬಿಗೆ ಕೈ ಹಿಡಿದು ನಿಂತರು. ನನ್ನ ಕಡೆ ನೋಡಲಿಲ್ಲ. ಬೆನ್ನಿನದೂ ಒಂದು ತೆಗೆಯಬೇಕು ಎಂದರು.

"ಏನು ಕಾಣ್ತೈತೆ ಸಾಬ್ರೇ?"

"ತೆಗೆಯೋದು ನನ್ ಕೆಲ್ಸ. ಓದೋದು ಡಾಕ್ಟರದು."

"ಏನೂ ಇಲ್ಲ ಅಂತನಾದ್ರೂ ಹೇಳ್ರಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ನಾನು ಸುಳ್ಳು ಹೇಳಲ್ಲ ಟೀಚರಮ್ಮ. ಅದಕ್ಕೇ ಬಾಯಿ ಮುಚ್ಕಂಡಿರ್ತೀನಿ."

ಅಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು.

ಕ್ಲಿನಿಕ್ಕಿನ ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ಸೊಂಟದ ಮೂಳೆಯಲ್ಲೂ ಬೆನ್ನಿನ ಎರಡು ಮಣಿಗಳಲ್ಲೂ ಸುಣ್ಣ ಎರಚಿದಂತೆ ಬಿಳಿ ಮಚ್ಚೆಗಳು. ಗ್ರಂಥಿಯ ಕ್ಯಾನ್ಸರು ಎಲುಬಿಗೆ ಹೋಗಿದೆ. ವಾಸಿಯಾಗುವುದಿಲ್ಲ, ಆದರೆ ಹಿಡಿದು ನಿಲ್ಲಿಸಬಹುದು. ಗಂಡಸಿನ ಹಾರ್ಮೋನೇ ಅದನ್ನು ಬೆಳೆಸುವುದು, ಅದಕ್ಕೆ ದಾವಣಗೆರೆಯಲ್ಲಿ ಬೀಜ ತೆಗೆಸಬೇಕು, ಹೆಂಗಸರ ಹಾರ್ಮೋನಿನ ಮಾತ್ರೆ ನುಂಗಬೇಕು ಎಂದರು. ಅಪ್ಪ ಎದ್ದು ಬಂದು ಬೆಂಚಿನ ಮೇಲೆ ಕೂತ. ಅವನು ಕುರಿ ಸಾಕಿದ ಮನೆಯವನು.

"ಟಗರಿಗೆ ಬೀಜ ಒಡೆದಂಗೆ ನಂಗೂ ಒಡೀತಾರಂತೆ," ಎಂದ, ಗೋಡೆಗೆ ಹೇಳುವಂತೆ. "ಬ್ಯಾಡ. ಊರಿಗೆ ಹೋಗಾಣ ನಡಿ."

ಮಾಡಿಸಿಕೋ ಎನ್ನಲು ಸಂಕೋಚ, ಹೇಳದಿದ್ದರೆ ಅಪ್ಪ ಸಾಯುತ್ತಾನೆಂಬ ಭಯ, ಎರಡರ ನಡುವೆ ಡಾಕ್ಟರ ಚೀಟಿಯನ್ನು ಮಡಚುತ್ತಾ ಕೂತೆ. ಬಾಗಿಲಲ್ಲಿ ನಿಂತಿದ್ದ ಸಾಬ್ರು ಅಪ್ಪನ ರಟ್ಟೆ ಹಿಡಿದು, "ಬರ್ರಿ ಯಜಮಾನ್ರೇ, ಒಳಗೆ ಕುಂತ್ಕಳ್ರಿ, ಒಂದು ಮಾತೈತೆ," ಎಂದು ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ಒಳಗೆ ಏನಾಯಿತೆಂದು ಅಪ್ಪ ಹೇಳಿದ್ದು ಬಸ್ಸಿನಲ್ಲಿ, ಹೊಳಲ್ಕೆರೆ ದಾಟಿದ ಮೇಲೆ. ಸಾಬ್ರ ಅಣ್ಣನಿಗೂ ಇದೇ ಕಾಯಿಲೆ ಬಂದಿತ್ತಂತೆ. ಆ ಫಿಲ್ಮನ್ನೂ ಸಾಬ್ರೇ ತೊಳೆದಿದ್ದರು. ಅಣ್ಣ ಕೇಳಿದಾಗ ಮನಸ್ಸು ತಡೆಯದೆ 'ಏನೂ ಇಲ್ಲ, ಚೆನ್ನಾಗೈತೆ' ಅಂದುಬಿಟ್ಟರು. ಡಾಕ್ಟರ ಮಾತಿಗಿಂತ ತಮ್ಮನ ಮಾತು ಹೆಚ್ಚೆಂದು ಅಣ್ಣ ಔಷಧಿ ಮುಟ್ಟದೆ ಮನೆಗೆ ಹೋದ. ಎಂಟು ತಿಂಗಳಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು.

"ಆ ಮನುಷ್ಯ ನನ್ ಕೈ ಹಿಡ್ಕಂಡು ಅತ್ನಮ್ಮ," ಎಂದ ಅಪ್ಪ. "ನಂಗೆ ಫಿಲ್ಮನ್ನ ಕಿಟಕಿಗೆ ಹಿಡಿದು ತೋರಿಸ್ದ. 'ನಮ್ಮಣ್ಣನ್ನ ನಾನು ಕೊಂದೆ, ನೀವು ಸಾಯಬ್ಯಾಡ್ರಿ' ಅಂದ." ಆಮೇಲೆ ಕೇಳಿದ: "ದಾವಣಗೆರೆಗೆ ಯಾವತ್ತು ಹೋಗ್ಬೇಕಂತೆ?"

ಆಪರೇಷನ್ನಾಯಿತು. ತಿಂಗಳೊಳಗೆ ನೋವು ಇಳಿದು ಅಪ್ಪ ಮಗ್ಗಕ್ಕೆ ಇಳಿದ. ಮಾತ್ರೆಗೆ ಎದೆ ಊದಿಕೊಂಡು ನೋಯುತ್ತಿತ್ತು. ಬೇಸಿಗೆಯಲ್ಲೂ ಮೈ ತುಂಬ ಟವಲು ಹೊದೆಯುತ್ತಿದ್ದ. ಯಾರಾದರೂ ಕೇಳಿದರೆ ಚಳಿ ಎನ್ನುತ್ತಿದ್ದ.

ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಫಿಲ್ಮು. ತಾರೀಖು ಹತ್ತಿರ ಬಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ತರಗತಿಯಲ್ಲಿ ಮಗ್ಗಿ ಹೇಳಿಸುತ್ತಾ ನಡುವೆ ಮರೆತುಬಿಡುತ್ತಿದ್ದೆ. ಬಸ್ಸಿನಲ್ಲಿ ಅಪ್ಪ ಒಮ್ಮೆ ಕೆಮ್ಮಿದರೆ ಎದೆಗೂಡಿಗೂ ಹಬ್ಬಿತೇನೋ ಎಂದುಕೊಳ್ಳುತ್ತಿದ್ದೆ. ದೂರದಿಂದ ಕೋಟೆಯ ಬಂಡೆಗಳು ಕಂಡವೆಂದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ. ಸಾಬ್ರು ಬಾಯಿ ಬಿಡುತ್ತಿರಲಿಲ್ಲ. ನಾನು ಅವರ ಮುಖ ಓದುತ್ತಿದ್ದೆ. ಹಳೇ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಕಿಟಕಿಗೆ ಹಿಡಿದು ಅವರು ಎಷ್ಟು ಹೊತ್ತು ನೋಡುತ್ತಾರೆ, ಆಮೇಲೆ ನನ್ನ ಕಡೆ ತಿರುಗುತ್ತಾರೋ ಇಲ್ಲವೋ, ಇದೇ ನನ್ನ ಲೆಕ್ಕಾಚಾರ. ಒಂದು ಸಲ ಫಿಲ್ಮು ಪೂರ್ತಿ ಒಣಗುವ ಮೊದಲೇ ಹೊರಬಂದು, "ಯಜಮಾನ್ರೇ, ನಮ್ಮನೇಗೊಂದು ಕರೀ ಕಂಬಳಿ ಬೇಕು, ದೊಡ್ಡದು. ಅವಸರ ಇಲ್ಲ, ಮುಂದಿನ ವರ್ಷ ಕೊಟ್ರೂ ಆಯ್ತು," ಎಂದರು. ಮುಂದಿನ ವರ್ಷ! ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತೆ. ಬೆನ್ನಿನ ಒಂದು ಮಚ್ಚೆ ಮಸುಕಾಗಿದೆ ಎಂದು ಡಾಕ್ಟರು ಆಮೇಲೆ ಹೇಳಿದರು.

ಮೂರನೇ ವರ್ಷದ ಕೊನೆಗೆ ನೋವು ಮರಳಿತು. ಅಂದು ಸಾಬ್ರು ಸೊರಗಿದ್ದರು, ಅಂಗಿ ಜೋತಾಡುತ್ತಿತ್ತು. ಏನಾಗಿದೆ ಎಂದರೆ ಉಪವಾಸ ಎಂದರು. ರಂಜಾನ್ ಮುಗಿದು ಬಹಳ ದಿನವಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ನನ್ನ ಭಯವೇ ನನಗೆ ಹೆಚ್ಚಾಗಿತ್ತು. ಅವರು ನನ್ನೊಬ್ಬಳನ್ನೇ ಒಳಗೆ ಕರೆದು ಫಿಲ್ಮು ತೋರಿಸಿದರು. ಪಕ್ಕೆಲುಬಿನವರೆಗೂ ಬಿಳಿ.

"ಇನ್ನು ಇಲ್ಲಿಗೆ ಕರ್ಕಂಡು ಬರಬ್ಯಾಡ್ರಿ ಟೀಚರಮ್ಮ. ಬಸ್ಸಿನ ಕುಲುಕಾಟ ಆ ಬೆನ್ನು ತಡಿಯಲ್ಲ. ನೋವಿಗೆ ಔಷಧಿ ಬರೆಸಿಕೊಡ್ತೀನಿ. ಮನೇಲಿಟ್ಕಳ್ರಿ."

"ನಂಗೆ ಅಪ್ಪನ ಹತ್ರ ಹೋಗಾಕೇ ಭಯ ಆಗ್ತೈತೆ ಸಾಬ್ರೇ. ಮುಖ ನೋಡಾಕಾಗಲ್ಲ."

"ಆಗ್ಲಿ, ಭಯ ಆಗ್ಲಿ. ಆದ್ರೂ ಪಕ್ಕದಾಗೇ ಇರ್ರಿ. ಅಣ್ಣಂಗೆ ಸುಳ್ಳು ಹೇಳಿದ್ದು ಒಂದು ತಪ್ಪು. ಆಮೇಲೆ ಮುಖ ತೋರಿಸಾಕಾಗ್ದೆ ದೂರ ಉಳಿದೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು."

ನಾನು ಶಾಲೆಗೆ ರಜೆ ಹಾಕಿದೆ. ಹೆದರುತ್ತಲೇ ಅಪ್ಪನ ಹಾಸಿಗೆ ಬದಲಿಸಿದೆ, ಮೈ ಒರೆಸಿದೆ, ಕೇಳಬಾರದೆಂದುಕೊಂಡಿದ್ದನ್ನೆಲ್ಲ ಕೇಳಿದೆ. ಅಪ್ಪನೂ ಹೇಳಿದ. ಏಳು ವಾರ. ಕೊನೆಯ ದಿನ ಮಧ್ಯಾಹ್ನ ಮಜ್ಜಿಗೆ ಕುಡಿಸುತ್ತಿದ್ದಾಗ ನನ್ನ ಮೊಣಕೈ ಹಿಡಿದುಕೊಂಡವನು ಬಿಡಲೇ ಇಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಸಾಬ್ರಿಗೆ ತಿಳಿಸೋಣವೆಂದು ದುರ್ಗಕ್ಕೆ ಹೋದೆ. ಎಕ್ಸ್‌ರೇ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಸಾಬ್ರು ತೀರಿಕೊಂಡು ತಿಂಗಳಾಯಿತು, ರಕ್ತದ ಕಾಯಿಲೆಯಂತೆ ಎಂದರು. ಆ ಕಿರಣಗಳಿಂದಲೇ ಬಂತೋ ಏನೋ, ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹಾಸಿಗೆಯಲ್ಲಿದ್ದಾಗಲೇ ಅವರು ಹೋಗಿಬಿಟ್ಟಿದ್ದರು.

ವಿಳಾಸ ಕೇಳಿಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿದರು. ನಾನು ಯಾರೆಂದು ಹೇಳುವ ಮೊದಲೇ, "ಹೊಸದುರ್ಗದ ಟೀಚರಮ್ಮ ಅಲ್ವಾ? 'ಕಂಬಳಿ ಯಜಮಾನ್ರು ಹೆಂಗವ್ರೋ, ಹೆಂಗವ್ರೋ' ಅಂತಿದ್ರು ನಮ್ಮವ್ರು," ಎಂದರು.

ಸಾಬ್ರಿಗೆ ಹೇಳಬೇಕಿದ್ದುದನ್ನು ಈಕೆಗೆ ಹೇಳಿದೆ. "ಅಪ್ಪ ಹೋದ ಅಮ್ಮ. ಹೋಗುವಾಗ ಪಕ್ಕದಲ್ಲೇ ಇದ್ದೆ. ಸಾಬ್ರು ಹೇಳಿದ್ದಕ್ಕೆ ಇದ್ದೆ, ಇಲ್ದಿದ್ರೆ ನನ್ ಕೈಲಿ ಆಗ್ತಿರಲಿಲ್ಲ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಹತ್ತಿರಕ್ಕೆ ಸರಿದು ಕೂತು, "ನಾನೂ ಇವ್ರ ಪಕ್ಕದಾಗೇ ಇದ್ದೆ ಕಣಮ್ಮ," ಎಂದರು.