ಉಪ್ಪಿಲ್ಲದ ಕಡುಬು

ಬೆಳ್ಳಿ ತಟ್ಟೆಯಲ್ಲಿ ಹದಿನಾಲ್ಕು ಕಡುಬುಗಳಿದ್ದವು. ಒಂದೊಂದರ ಮೇಲೂ ಜೋಳದ ಗರಿಯ ಉದ್ದುದ್ದ ಗೆರೆ ಮೂಡಿತ್ತು. ಕಡುಬು ಎಂಬುದು ನಾನಿಟ್ಟ ಹೆಸರು. ಮುಸುಕಿನ ಜೋಳದ ಹಿಟ್ಟಿಗೆ ಬೇಯಿಸಿದ ಕಾಳು ಸೇರಿಸಿ, ಜೋಳದ ಗರಿಯಲ್ಲೇ ಸುತ್ತಿ, ಕುದಿಯುವ ನೀರಿನಲ್ಲಿ ಬೇಯಿಸಿದ್ದನ್ನು ಇನ್ನೇನೆನ್ನಬೇಕೋ ತಿಳಿಯದು.

ಜಾರ್ಜಿಯಾದ ಕಮ್ಮಿಂಗ್ ಊರಿನ ಆಚೆಗಿನ ಆ ದೊಡ್ಡ ಮನೆಯಲ್ಲಿ ನಾನು ಎಂಟು ತಿಂಗಳಿಂದ ಕೆಲಸಕ್ಕಿದ್ದೆ. ಎಂಬತ್ತು ದಾಟಿದ ಯಜಮಾನಿ ತಮ್ಮ ವಂಶದ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತಿದ್ದರು. ಇತಿಹಾಸ ಓದಿದ್ದ ನಾನು ಹಳೆಯ ಪತ್ರಗಳನ್ನು ಜೋಡಿಸಿ ಬರೆಯುತ್ತಿದ್ದೆ. ಓದು ಮುಗಿದ ಮೇಲೆ ಈ ದೇಶದಲ್ಲಿ ಕೆಲಸ ಮಾಡಲು ಕೊಟ್ಟಿದ್ದ ಅವಧಿ ಫೆಬ್ರವರಿಗೆ ತೀರುವುದಿತ್ತು. ನನ್ನ ವೀಸಾ ಅರ್ಜಿಗೆ ಯಜಮಾನಿಯ ಸಹಿ ಬೇಕಿತ್ತು. ನವೆಂಬರಿನ ಹಬ್ಬದ ಊಟಕ್ಕೆ ಬಾ, ಆಮೇಲೆ ನೋಡೋಣ ಎಂದಿದ್ದರು.

ಸುಮಾರು ಇನ್ನೂರು ವರ್ಷದ ಹಿಂದೆ, ಇಲ್ಲಿಯ ಮೂಲನಿವಾಸಿಗಳಾದ ಚೆರೋಕಿ ಜನ ಇನ್ನೂ ಬಾಳುತ್ತಿದ್ದ ನೆಲವನ್ನು ಜಾರ್ಜಿಯಾ ಸರ್ಕಾರ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತ್ತು. ಈ ವಂಶದ ಮೂಲಪುರುಷನಿಗೂ ಒಂದು ಚೀಟಿ ಬಂತು. ಸೈನಿಕರು ಅಲ್ಲಿದ್ದ ಚೆರೋಕಿ ಮನೆಯವರನ್ನು ಪಶ್ಚಿಮಕ್ಕೆ ಕಾಲ್ನಡಿಗೆಯಲ್ಲಿ ಹೊರಡಿಸಿದ ದಿನವೇ ಆತ ಹೆಂಡತಿಯೊಡನೆ ಒಳಹೊಕ್ಕ. ಮುಂದೆ ಅದೇ ಕಸುಬಾಯಿತು. ಪಶ್ಚಿಮದಲ್ಲಿ ಯಾರನ್ನು ಎಲ್ಲಿಂದ ಒಕ್ಕಲೆಬ್ಬಿಸುತ್ತಾರೆಂದು ಮೊದಲೇ ತಿಳಿದುಕೊಂಡು ಮಕ್ಕಳು, ಮೊಮ್ಮಕ್ಕಳು ಅಲ್ಲಿಗೆ ಹೋಗಿ ನೆಲ ಹಿಡಿದರು. ರೈಲು ಬಂದಾಗ ಮಾರಿದರು. ಆ ಹಣದಲ್ಲಿ ಇಲ್ಲಿ ಕೊಂಡ ಹೊಲಗಳ ಮೇಲೆ ಈಗ ನಮ್ಮ ದೇಶದವರ ಮನೆಗಳು ಎದ್ದಿವೆ.

ಆ ಮೊದಲ ದಿನದ ಬಗ್ಗೆ ಮೂಲಪುರುಷನ ಹೆಂಡತಿ ಬರೆದ ಪತ್ರವೂ ಉಳಿದಿತ್ತು. ಹೊರಟವರ ಒಲೆಯ ಮೇಲೆ ಕಡುಬಿನ ಪಾತ್ರೆ ಇನ್ನೂ ಕುದಿಯುತ್ತಿತ್ತಂತೆ. ಇಬ್ಬರೂ ಕೂತು ತಿಂದರಂತೆ. ಉಪ್ಪೇ ಇರಲಿಲ್ಲವಂತೆ. ಆ ನೆನಪಿಗೆ ಮನೆಯವರು ಪ್ರತಿವರ್ಷ ಉಪ್ಪಿಲ್ಲದ ಕಡುಬು ಮಾಡಿಸಿ, ಒಬ್ಬೊಬ್ಬರೂ ತಿಂದು, ಮೊದಲು ಅದನ್ನು ಬೇಯಿಸಿಟ್ಟಿದ್ದ ಚೆರೋಕಿ ಹೆಂಗಸನ್ನು ಒಂದು ಮಾತಿನಲ್ಲಿ ಹೀಯಾಳಿಸುತ್ತಿದ್ದರು.

ಈ ಸಲದ ಊಟದಲ್ಲಿ ಯಜಮಾನಿಯ ಮಗ ಹೇಳಿದ, ಅವಳನ್ನು ಓಡಿಸಿದ್ದು ಸರ್ಕಾರವಲ್ಲ, ಗಂಡ. ಅಳಿಯ ಹೇಳಿದ, ಅಷ್ಟು ದೂರ ನಡೆಸಿದ್ದು ಉಪ್ಪು ತರಲಿ ಎಂದು. ನಂತರ ತಟ್ಟೆ ನನ್ನ ಮುಂದೆ ಬಂತು. ನಿನ್ನ ಭಾಷೆಯಲ್ಲೇ ಹೇಳು, ಡಾಕ್ಟರು ನಮಗೆ ತಿಳಿಸುತ್ತಾರೆ ಎಂದರು ಯಜಮಾನಿ. ಡಾಕ್ಟರೆಂದರೆ ಊಟಕ್ಕೆ ಬಂದಿದ್ದ, ಹತ್ತಿರದ ಅಲ್ಫರೆಟಾದ ಆಂಟಿ, ಮೈಸೂರಿನವರು. ಯಜಮಾನಿಯ ಹೃದಯಕ್ಕೆ ಚಿಕಿತ್ಸೆ ಕೊಟ್ಟವರು, ನನಗೆ ಈ ಕೆಲಸ ಕೊಡಿಸಿದವರು.

ಆ ಕಡುಬಿಗೆ ಉಪ್ಪು ಯಾಕಿಲ್ಲವೆಂದು ನಾನು ಓದಿದ್ದೆ. ಕರಡಿನಲ್ಲಿ ಬರೆದೂ ಇದ್ದೆ. ಯಜಮಾನಿ ಅದನ್ನು ಹೊಡೆದುಹಾಕಿದ್ದರು.

"ಉಪ್ಪು ಹಾಕಿದ್ರೆ ಇದು ಒಡೆದುಹೋಗತ್ತೆ ಆಂಟಿ," ಎಂದೆ. "ಮಾಡಿದೋಳಿಗೆ ಗೊತ್ತಿತ್ತು. ಅವಳನ್ನ ಒಲೆ ಮುಂದಿಂದ ಎಬ್ಬಿಸಿ ತಿಂದೋರಿಗೆ ಗೊತ್ತಿಲ್ಲ. ಹೀಗೇ ಹೇಳಿ ಇವರಿಗೆ."

ಆಂಟಿ ಬಾಯಿ ಒರೆಸಿಕೊಂಡರು. ನಮ್ಮ ಕಡೆ ಸೊಸೆ ಹೀಗೆ ಅಡಿಗೆ ಮಾಡಿದರೆ ಅತ್ತೆ ಮುಂದಿನ ಬಸ್ಸಿಗೇ ತವರಿಗೆ ಕಳಿಸುತ್ತಾಳೆ ಎನ್ನುತ್ತಿದ್ದಾಳೆ ಇವಳು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟೊಂದು ನಗು ಅಂದು ಯಾರಿಗೂ ಸಿಕ್ಕಿರಲಿಲ್ಲ. ಯಜಮಾನಿ ಕಣ್ಣೊರೆಸಿಕೊಳ್ಳುತ್ತ, ಇದು ಪುಸ್ತಕಕ್ಕೆ ಸೇರಲಿ, ಈ ಹುಡುಗಿಯ ಹೆಸರಿನಲ್ಲೇ ಇರಲಿ ಎಂದು ಪೆನ್ನು ತರಿಸಿದರು. ಊಟದ ಮೇಜಿನ ಮೇಲೇ ನನ್ನ ಅರ್ಜಿಗೆ ಸಹಿಯಾಯಿತು.

ಕಾರಿನಲ್ಲಿ ಆಂಟಿ ಕೇಳಿದರು, "ಸೈನ್ ಆಯ್ತಲ್ಲ, ಮತ್ಯಾಕೆ ಹಂಗೆ ಮುಖ ಮಾಡ್ಕೊಂಡಿದೀಯಾ?"

"ನಾನು ಹೇಳಿದ್ದನ್ನ ನೀವು ಹೇಳ್ಲಿಲ್ಲ."

"ಹೇಳಿದ್ರೆ ಫೆಬ್ರವರಿಗೆ ನೀನು ಬೆಂಗಳೂರಲ್ಲಿರ್ತಿದ್ದೆ. ಎಬ್ಬಿಸಿದ್ರೆ ಹೆಂಗಿರತ್ತೆ ಅಂತ ಆಗ ಬರೀಬಹುದಿತ್ತು." ಕಾರನ್ನು ಹೆದ್ದಾರಿಗೆ ಸೇರಿಸಿ, ನನ್ನ ಕಡೆ ನೋಡದೆ ಹೇಳಿದರು, "ಇಂಗ್ಲಿಷ್ ನಿಂಗೂ ಬರತ್ತಲ್ಲಮ್ಮ. ನೀನೇ ಹೇಳ್ಬಹುದಿತ್ತು."

ಮೇಜಿನ ಸುತ್ತ ಒಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಹೇಳಿದರೆ ಸಾಕೆಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಮಾಡಿಕೊಂಡು ಪುಸ್ತಕದ ಫೈಲು ತೆರೆದೆ. ಹಬ್ಬದ ಹೀಯಾಳಿಕೆಗಳ ಪುಟದಲ್ಲಿ, ಅಳಿಯನ ಮಾತಿನ ಕೆಳಗೆ ಅತ್ತೆ, ಸೊಸೆ, ಬಸ್ಸಿನ ವಾಕ್ಯವನ್ನು ಟೈಪ್ ಮಾಡಿದೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ಪುಟವನ್ನು ಯಜಮಾನಿಗೆ ಕಳಿಸಿದೆ.