ಎದುರಾಳಿಯ ಊಟ

ಅಪ್ಪನಿಗೆ ಹೃದಯದ ಆಪರೇಷನ್ ಆದ ಮೇಲೆ ಡಾಕ್ಟರು, ಮೂರು ತಿಂಗಳು ಹೋಟೆಲಿನ ಕಡೆ ತಲೆ ಹಾಕಬಾರದು ಎಂದರು. ಹಾಕಿದರೆ ತಾನು ಜವಾಬ್ದಾರನಲ್ಲ ಎಂದೂ ಸೇರಿಸಿದರು. ಆ ಎರಡನೆಯ ಮಾತು ಅಮ್ಮನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ಮೈಲಾಪೂರಿನ ನಮ್ಮ ಫ್ಲ್ಯಾಟಿನಿಂದ ಹೋಟೆಲಿಗೆ ಎರಡೇ ಬೀದಿ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು, ಟೇಬಲ್ಲುಗಳಿಗೆ ಸಪ್ಲೈ ಮಾಡಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು ಅಪ್ಪ. ಅಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕಿದರೆ ತನಗೆ ಬಾಲ್ಕನಿಯಲ್ಲಿ ವಾಸನೆ ಬರುತ್ತದೆ ಎಂದು ಸಾಧಿಸುತ್ತಿದ್ದರು. ಬರುತ್ತಿದ್ದುದು ಕೆಳಗಿನ ಚರಂಡಿಯ ವಾಸನೆ.

ನಾನೂ ಆಗ ಮನೆಯಲ್ಲೇ ಇದ್ದೆ. ಒಂದು ಕೆಲಸ ಬಿಟ್ಟು ಇನ್ನೊಂದರ ಇಂಟರ್‌ವ್ಯೂ ಮುಗಿಸಿ ಉತ್ತರಕ್ಕೆ ಕಾಯುತ್ತಿದ್ದೆ. ಅಪ್ಪ ಬಾಲ್ಕನಿಗೂ ಹಾಲಿಗೂ ನಡೆದಾಡುವುದು, ನಾನು ಫೋನಿಗೂ ಕಂಪ್ಯೂಟರಿಗೂ ನಡೆದಾಡುವುದು, ನಡುವೆ ಸಿಕ್ಕವರಿಗೆಲ್ಲ ಅಮ್ಮ ಕೂತುಕೊಳ್ಳಿ ಅನ್ನುವುದು. ಮನೆ ಅನ್ನುವುದು ಬಸ್‌ಸ್ಟ್ಯಾಂಡ್ ಆಗಿಹೋಗಿತ್ತು. ನನಗೆ ಸಿಟ್ಟು ಬಂದರೆ ತಮಿಳಿನಲ್ಲಿ ಬರುತ್ತದೆ, ಶಾಲೆಯಲ್ಲಿ ಕಲಿತ ಭಾಷೆ ಅದೇ ತಾನೆ. ಆ ದಿನಗಳಲ್ಲಿ ನಾನು ಕನ್ನಡ ಆಡಿದ್ದೇ ಕಡಿಮೆ.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಲು ನನಗೆ ಹೊಳೆದದ್ದು ಚೆಸ್. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಸಂಜೆಯ ಟಿಫಿನ್ ಶುರುವಾಗುವ ತನಕ, ಹಿಂದಿನ ಟೇಬಲ್ಲಿನಲ್ಲಿ ಯಾರಾದರೂ ಗಿರಾಕಿಯ ಜೊತೆ ಅವರು ಆಡುತ್ತಿದ್ದರು. ಅಲ್ಲಿ ಅವರನ್ನು ಸೋಲಿಸಿದವರು ಕಡಿಮೆ. ಒಂದು ವೆಬ್‌ಸೈಟಿನಲ್ಲಿ ಅವರ ಹೆಸರಿಗೆ ಖಾತೆ ತೆರೆದೆ. ಮೌಸ್ ನನ್ನ ಕೈಯಲ್ಲಿ, ಬುದ್ಧಿ ಅವರದು ಎಂದು ಒಪ್ಪಂದವಾಯಿತು.

ಮೊದಲ ದಿನವೇ ಜಗಳ. ಅಪ್ಪ ಆಡುತ್ತಿದ್ದುದು ಊರಿನ ಹಳೆಯ ಆಟ. ಅದರಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಹಾರಿಸು ಎಂದರು. ನಾನು ಎಳೆದೆ, ರಾಜ ಹೋದ ದಾರಿಯಲ್ಲೇ ವಾಪಸು ಬಂದು ಕೂತ. ಇನ್ನೊಮ್ಮೆ ಎಳೆದೆ, ಮತ್ತೆ ಬಂದ. ಯಂತ್ರ ಮೋಸ ಮಾಡುತ್ತಿದೆ ಎಂದು ಅಪ್ಪ ಎದ್ದು ಬಾಲ್ಕನಿಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಆಟದ ಗಡಿಯಾರದಲ್ಲಿ ನಮ್ಮ ಸಮಯ ಮುಗಿದು ಸೋತಿದ್ದೆವು. ಹೊಸ ನಿಯಮ ಕಲಿಯಲು ಒಂದು ವಾರ ಹಿಡಿಯಿತು, ಕಲಿತರೂ ಸೋಲು ತಪ್ಪಲಿಲ್ಲ. ಒಂದಾದರೂ ಗೆದ್ದರೆ ಉಳಿದ ದಿನಗಳನ್ನು ಕೂತು ಕಳೆಯುತ್ತಾರೆ ಎಂದು ನಾನೂ ಅಮ್ಮನೂ ದೇವರನ್ನು ಬೇಡುತ್ತಿದ್ದೆವು.

ಸೋಲಿಗೆ ನಿಜವಾದ ಕಾರಣ ಬೇರೆ ಇತ್ತು. ಎದುರಿಗೆ ಯಾರೇ ಕೂತರೂ ಮೊದಲು ಊಟ ವಿಚಾರಿಸದೆ ಅಪ್ಪನಿಂದ ಕಾಯಿ ನಡೆಸಲು ಆಗುತ್ತಿರಲಿಲ್ಲ.

"ಊಟ ಆಯ್ತಾ ಅಂದ್ ಕೇಣ್ ಮಗಾ, ಆಮೇಲ್ ಆಡುವ" ಅನ್ನುವರು.

ಇದೇನು ನಮ್ಮ ಗಿರಾಕಿಯೇ, ಯಾವ ದೇಶದವನೋ ಏನೋ ಎಂದು ನಾನು ರೇಗಿದರೂ ಕೇಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ. ಒಬ್ಬ ಬರೀ ಪ್ರಶ್ನೆಚಿಹ್ನೆ ಹಾಕಿದ. ಒಬ್ಬ ಸುಮ್ಮನೆ ಆಡು ಎಂದ. ಇನ್ನೊಬ್ಬ ಹೆದರಿಯೋ ಏನೋ ಆಟ ಬಿಟ್ಟೇ ಹೋದ, ಆದರೆ ಅದನ್ನು ಗೆಲುವೆಂದು ಅಪ್ಪ ಒಪ್ಪಲಿಲ್ಲ. ಉತ್ತರಕ್ಕೆಂದು ಅವರು ಕಾಲು ಅಲ್ಲಾಡಿಸುತ್ತ ಕಾಯುತ್ತಿದ್ದರು, ಗಡಿಯಾರ ಓಡುತ್ತಿತ್ತು, ಉತ್ತರ ಬಾರದೆಂದು ಖಾತ್ರಿಯಾದ ಮೇಲೆಯೇ ಕಾಯಿ ನಡೆಯುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆಟ ನಮ್ಮ ಕಡೆ ತಿರುಗಿತು. ಎದುರಾಳಿಯ ಮಂತ್ರಿಯನ್ನು ಹೊಡೆದಿದ್ದೆವು, ಒಂದು ಆನೆಯೂ ನಮಗೆ ಹೆಚ್ಚಿತ್ತು. ಅವನ ರಾಜ ಮೂಲೆ ಸೇರಿದ್ದ. ಇನ್ನೆರಡು ನಡೆ ಅಷ್ಟೇ, ಅದು ನನಗೂ ಕಾಣುತ್ತಿತ್ತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಳು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರೀತಿಗೆ ಆಪರೇಷನ್ ಆದದ್ದು ಯಾರಿಗೆ ಎಂದು ಕೇಳಬೇಕಿತ್ತು.

ಆಗ, ಆಟದ ಮೊದಲಿಗೆ ನಾವು ಕೇಳಿದ್ದಕ್ಕೆ ಉತ್ತರ ಬಂತು. ಇನ್ನೂ ಊಟ ಮಾಡಿಲ್ಲ, ಒಬ್ಬನೇ ಇದ್ದೇನೆ, ಅಡುಗೆ ಮಾಡಲು ಬೇಜಾರು, ಬೆಳಿಗ್ಗೆಯಿಂದ ಆಡುತ್ತಲೇ ಇದ್ದೇನೆ ಎಂದು ಅವನು ಬರೆದಿದ್ದ. ಓದಿ ಹೇಳಿದೆ. ಓದದೆ ಇದ್ದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಪ್ಪನ ಕಾಲು ಅಲ್ಲಾಡುವುದು ನಿಂತಿತು. "ಹೊಟ್ಟೆಗಿಲ್ದೆ ಕೂತವ್ನನ್ ಸೋಲ್ಸಿ ಎಂತ ಮಾಡುದು? ಎದ್ದ್ ಹೋಗಿ ಉಣ್ಣುಕ್ ಹೇಳ್."

ಎರಡೇ ನಡೆ ಅಪ್ಪಾ ಎಂದು ತಮಿಳಿನಲ್ಲಿ ಗೋಗರೆದೆ. ಅವರು ಆಗಲೇ ಎದ್ದಾಗಿತ್ತು. ಒಳಗೆ ಹೋಗಿ ಹೋಟೆಲಿಗೆ ಹೋಗುವಾಗಿನ ಬಿಳಿ ಶರ್ಟು ಹಾಕಿಕೊಂಡು, ಗುಂಡಿ ಹಾಕುತ್ತಲೇ ಬಾಗಿಲಿಗೆ ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರ ಮಾತು ನೆನಪಿಸಿದಳು, ಮಾತ್ರೆ ತಗೊಂಡಿರಾ ಎಂದಳು, ಬಿಸಿಲು ಎಂದಳು, ಕೊನೆಗೆ ಅತ್ತಳು.

ಅಪ್ಪ ಗದರಲಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅಲ್ಲ್ ಕೂತವ್ರನ್ ನಾನ್ ಕೇಂತೆ, ಊಟ ಆಯ್ತಾ ಅಂದ್. ಇಲ್ಲ್ ಎರ್ಡ್ ತಿಂಗ್ಳಿಂದ ಎಲ್ರೂ ನನ್ನನ್ನೇ ಕೇಂತ್ರ್. ನಂಗ್ ಸಾಕಾಯ್ತ್."

ಪರದೆಯ ಮೇಲೆ ನಮ್ಮ ಸಮಯ ಮುಗಿದು ಸೋಲಿನ ಸೂಚನೆ ಬಂದಿತ್ತು, ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಅಪ್ಪ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಾನು ಚಪ್ಪಲಿ ಹುಡುಕುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಹಿಂದ್ ಹಿಂದೇ ಹೋಗ್. ಕೈ ಮಾತ್ರ ಹಿಡುಕ್ ಹೋಬೇಡ."