ಮಂಜಿನಲ್ಲಿ ಹಿಡಿದ ಚೆಂಡು

ಎಮೆಟ್ ದುಶೆಕ್ ನಮ್ಮ ಊರಿಗೆ ಬಂದದ್ದು ೧೯೬೧ರ ಮೇ ತಿಂಗಳಲ್ಲಿ. ಸುಪೀರಿಯರ್ ಸರೋವರದ ಅಂಚಿನಲ್ಲಿ ಇನ್ನೂ ಹಿಮದ ಹಲಗೆಗಳು ತೇಲುತ್ತಿದ್ದವು. ಅವನಿಗಾಗ ಇಪ್ಪತ್ತೊಂಬತ್ತು. ಹತ್ತು ವರ್ಷಗಳಿಂದ ಕೆಳ ದರ್ಜೆಯ ಬೇಸ್‌ಬಾಲ್ ತಂಡಗಳಲ್ಲೇ ಆಡುತ್ತಿದ್ದ. ನಮ್ಮದು ಏಳನೆಯ ಊರು. ಪ್ರತಿ ವಸಂತದಲ್ಲೂ, ಆ ತಂಡಗಳನ್ನೆಲ್ಲ ನಡೆಸುವ ದೊಡ್ಡ ತಂಡದ ಯಜಮಾನರಿಂದ ಕಾಗದ ಬರುತ್ತಿತ್ತು, ಇಂಥ ಊರಿಗೆ ಹೋಗು ಎಂದು. ಟ್ರಂಕು ಎತ್ತಿಕೊಂಡು ಹೊರಡುತ್ತಿದ್ದ. ದೊಡ್ಡ ತಂಡಕ್ಕೇ ಬಾ ಎಂದು ಮಾತ್ರ ಯಾವ ಕಾಗದವೂ ಕರೆಯಲಿಲ್ಲ.

ನಾನು ಅದೇ ತಂಡದಲ್ಲಿ ಎರಡನೆಯ ಬೇಸನ್ನು ಕಾಯುವವನು. ನನ್ನ ಬಲಕ್ಕೆ, ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅವನು. ಹೊಡೆದ ಚೆಂಡು ನೆಲ ಸವರಿಕೊಂಡು ಹೆಚ್ಚಾಗಿ ನುಗ್ಗುವುದೇ ಅಲ್ಲಿಗೆ. ಅವನು ಅದನ್ನು ಬಾಚಿ ನನಗೆ ಕೊಡುತ್ತಿದ್ದದ್ದು ಊಟದ ಮೇಜಿನಲ್ಲಿ ಉಪ್ಪು ದಾಟಿಸಿದಷ್ಟು ಸಲೀಸಾಗಿ. ಬ್ಯಾಟು ಹಿಡಿದರೆ ಮಾತ್ರ ಬೇರೆಯೇ ಮನುಷ್ಯ.

"ದುಶೆಕ್, ಬ್ಯಾಟನ್ನ ಮನೇಲೇ ಬಿಟ್ಟು ಬಾರಯ್ಯಾ, ಹೊರೋ ಕಷ್ಟನಾದ್ರೂ ತಪ್ಪತ್ತೆ" ಎಂದು ಮೀನಂಗಡಿಯ ಟೋರ್ವಾಲ್ಡ್ ಬೆಂಚಿನಿಂದ ಕೂಗುತ್ತಿದ್ದ. ಎಮೆಟ್ ಟೋಪಿ ಮುಟ್ಟಿ ನಗುತ್ತಿದ್ದ.

ಬಾಡಿಗೆಗಿದ್ದದ್ದು ಹಿಲ್ಯಾ ಲಾಂಪಿನೆನ್ ಎಂಬ ವಿಧವೆಯ ಮಹಡಿಯ ಕೋಣೆಯಲ್ಲಿ. ಬೆಳಿಗ್ಗೆ ಎದ್ದವನು ಯಾವುದೋ ಹಳೆಯ ಊರಿನ ಕಿಟಕಿಯನ್ನು ಹುಡುಕುತ್ತಾ ಗೋಡೆ ತಡವುತ್ತಿದ್ದನಂತೆ. ನಿದ್ದೆಯಲ್ಲಿ ಏಳೂ ಊರು ಒಂದರೊಳಗೊಂದು ಕರಗಿಹೋಗುತ್ತಿದ್ದವು.

"ಇವತ್ತು ಎಲ್ಲಿ ಎದ್ದೆ, ಹುಡುಗಾ?" ಎಂದು ಆಕೆ ಏಲಕ್ಕಿ ಬ್ರೆಡ್ಡು ಮುಂದಿಡುತ್ತಿದ್ದರು.

"ನೆಬ್ರಾಸ್ಕದಲ್ಲಿ, ಮಿಸೆಸ್ ಲಾಂಪಿನೆನ್. ನಮ್ಮಮ್ಮ ಹಿಟ್ಟು ನಾದ್ತಾ ಇದ್ರು."

"ನಾದಿದ್ದು ನಾನು. ತಿನ್ನು."

ಆ ಆಗಸ್ಟಿನ ಒಂದು ಮಧ್ಯಾಹ್ನ, ಆಟದ ನಾಲ್ಕನೆಯ ಸುತ್ತಿನಲ್ಲಿ, ಸರೋವರದಿಂದ ಮಂಜು ಮೈದಾನಕ್ಕೆ ಇಳಿಯಿತು. ಮೊದಲು ದೂರದ ಬೇಲಿ ಹೋಯಿತು. ಆಮೇಲೆ ಅಲ್ಲಿ ನಿಂತಿದ್ದ ನಮ್ಮ ಮೂವರು ಆಟಗಾರರೂ ಕಾಣದಾದರು. ಒಬ್ಬರನ್ನೊಬ್ಬರು ಕೂಗಿಕೊಳ್ಳುವುದು ಮಾತ್ರ ಕೇಳುತ್ತಿತ್ತು. ಅಂಪೈರು ಆಟ ನಿಲ್ಲಿಸಲು ಕೈಯೆತ್ತುವಷ್ಟರಲ್ಲಿ ಎದುರಾಳಿಯ ಬ್ಯಾಟು ಟಕ್ಕೆಂದಿತು. ಚೆಂಡು ಮೇಲೆ ಹೋಯಿತು. ಎಲ್ಲಿಗೆ ಎಂದು ಯಾರಿಗೂ ತಿಳಿಯಲಿಲ್ಲ.

ಎಮೆಟ್ ಓಡಲಿಲ್ಲ. ನಿಧಾನವಾಗಿ ಆರೇಳು ಹೆಜ್ಜೆ ಹಿಂದಕ್ಕೆ ನಡೆದು ಬಿಳುಪಿನಲ್ಲಿ ಮರೆಯಾದ. ಅಷ್ಟು ನಿಶ್ಶಬ್ದವಾದ ಮೈದಾನವನ್ನು ನಾನು ಕಂಡಿಲ್ಲ. ಆಮೇಲೆ ಕೈಗವಸಿನ ತೊಗಲಿನ ಮೇಲೆ ಚೆಂಡಿನ ತೊಗಲು ಬಿದ್ದ ಮೆತ್ತನೆಯ ಸದ್ದು.

"ಹಿಡಿದ್ಯೇನಯ್ಯಾ?" ಅಂಪೈರು ಕೇಳಿದ.

"ಹಿಡಿದೆ."

"ನಾನು ನೋಡ್ಲಿಲ್ವಲ್ಲ."

"ನಾನೂ ನೋಡ್ಲಿಲ್ಲ" ಎಂದಿತು ಮಂಜಿನೊಳಗಿನ ದನಿ.

ಆಟ ಅಲ್ಲಿಗೇ ರದ್ದಾಯಿತು. ನಿಯಮದ ಪ್ರಕಾರ ಆವರೆಗೆ ಆಡಿದ್ದೆಲ್ಲ ಲೆಕ್ಕಕ್ಕಿಲ್ಲ. ಮರುದಿನ ಮೊದಲಿಂದ ಆಡಿ ಸೋತೆವು. ಮನೆಗೆ ನಡೆಯುವಾಗ ಎಮೆಟ್ ಹಿಂದಿನ ದಿನದ ಚೆಂಡಿನ ಮಾತೆತ್ತಿದ.

"ರೇನೊ, ಆಗ ಯಾರೂ ನನ್ನ ನೋಡ್ತಿರ್ಲಿಲ್ಲ ಕಣೋ. ಹತ್ತು ವರ್ಷದಲ್ಲಿ ಅದೇ ಮೊದ್ಲು. ಮೈ ಎಷ್ಟು ಹಗುರ ಆಗಿತ್ತು ಗೊತ್ತಾ?"

ಮುಂದಿನ ವಸಂತದಲ್ಲಿ ಅವನನ್ನು ಜಾರ್ಜಿಯಕ್ಕೆ ಕಳಿಸಿದರು, ಅದರ ಮರುವರ್ಷ ಟೆಕ್ಸಸ್ಸಿಗೆ. ಅಲ್ಲಿ, ಸೆಪ್ಟೆಂಬರಿನಲ್ಲಿ, ಇನ್ನು ನೀನು ಬೇಡ ಎಂದರು. ನೆಬ್ರಾಸ್ಕಕ್ಕೆ ಹೋಗುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಎರಡು ದಿನ ಬಸ್ಸಿನಲ್ಲಿ ಕೂತು ಮಿಸೆಸ್ ಲಾಂಪಿನೆನ್ನರ ಬಾಗಿಲು ತಟ್ಟಿದ.

"ಎಷ್ಟು ದಿನ ಇರ್ತೀಯ?"

"ಇನ್ನು ಕಾಗದ ಬರಲ್ಲ."

ಆಕೆ ಅವನ ಮುಖ ನೋಡಿದರು. "ಹಾಗಾದ್ರೆ ಟ್ರಂಕು ಮೇಲೆ ತಗೊಂಡೋಗು. ಮೆಟ್ಟಿಲ ಹತ್ರ ಇಟ್ರೆ ನಾನು ಎಡವಿ ಬೀಳ್ತೀನಿ."

ಬಂದರಿನ ಗೋಧಿ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ. ಇಪ್ಪತ್ತಾರು ವರ್ಷ ಅಲ್ಲೇ ದುಡಿದ. ಮಿಸೆಸ್ ಲಾಂಪಿನೆನ್ನರ ಅಕ್ಕನ ಮಗಳು ಐಲಿಯನ್ನು ಮದುವೆಯಾದ. ಮೊಣಕಾಲು ಕೈಕೊಡುವವರೆಗೆ ಭಾನುವಾರಗಳಲ್ಲಿ ಉಗ್ರಾಣದ ತಂಡಕ್ಕೆ ಆಡಿದ. ಬ್ಯಾಟು ಕೊನೆಯವರೆಗೂ ಸುಧಾರಿಸಲಿಲ್ಲ.

ಈಗ ಶನಿವಾರ ಸಂಜೆ ಇಬ್ಬರೂ ನಮ್ಮ ಸೌನಾದ ಹಬೆಯಲ್ಲಿ ಬೆವೆತು, ಸರೋವರದಲ್ಲಿ ಮುಳುಗೆದ್ದು, ಮರದ ಮೆಟ್ಟಿಲ ಮೇಲೆ ಕೂರುತ್ತೇವೆ. ಅವನು ಅರೆಗಣ್ಣು ಮುಚ್ಚಿ ಆಡಿದ ಊರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಒಮ್ಮೊಮ್ಮೆ ಕ್ರಮ ತಪ್ಪುತ್ತದೆ, ಒಮ್ಮೊಮ್ಮೆ ಅವನು ಹೋಗಿಯೇ ಇರದ ಊರೂ ನಡುವೆ ಬಂದುಬಿಡುತ್ತದೆ. ನಾನು ತಿದ್ದುವುದಿಲ್ಲ. ಅಲ್ಲಿಯೂ ಚೆನ್ನಾಗಿಯೇ ಆಡಿದ್ದನಂತೆ.